ಎರಡು ಜಿಬಿ ಫೋನಿಗೆ ಬ್ರೌಸರ್: ರಿಪೇರಿ ಮೇಜಿನ ಪಾಠಗಳು

ಸಾಗರ ಪೇಟೆಯಲ್ಲಿ ನಾನು ಮೊಬೈಲ್ ರಿಪೇರಿ ಮಾಡುತ್ತೇನೆ. ಡಿಸ್‌ಪ್ಲೇ ಒಡೆದ ಫೋನು, ನೀರಿಗೆ ಬಿದ್ದ ಫೋನು ಬರುತ್ತಲೇ ಇರುತ್ತವೆ. ಅವಕ್ಕಿಂತ ಹೆಚ್ಚು ಬರುವುದು ‘ಯಾಕೋ ಸ್ಲೋ ಆಗಿದೆ, ಸ್ವಲ್ಪ ನೋಡಿ’ ಎನ್ನುವಂಥವು. ಬಹುತೇಕ ಒಂದು ಅಥವಾ ಎರಡು ಜಿಬಿ ರ‍್ಯಾಮಿನ ಆಂಡ್ರಾಯ್ಡ್ ಫೋನುಗಳು. ಮಕ್ಕಳು ಹೊಸದು ಕೊಂಡಾಗ ಹಳೆಯದು ಅಪ್ಪನ ಕೈಗೋ ಅಜ್ಜಿಯ ಕೈಗೋ ಬಂದಿರುತ್ತದೆ. ಅದರಲ್ಲೇ ಪಹಣಿ ನೋಡಬೇಕು, ಅಡಿಕೆ ಧಾರಣೆ ನೋಡಬೇಕು, ಮಗಳ ವಿದ್ಯಾರ್ಥಿವೇತನದ ಅರ್ಜಿ ಹಾಕಬೇಕು. ಕರೆ ಸರಿಯಾಗಿ ಹೋಗುತ್ತದೆ, ವಾಟ್ಸ್‌ಆ್ಯಪ್ ನಡೆಯುತ್ತದೆ, ಬ್ರೌಸರ್ ತೆರೆದ ಕೂಡಲೇ ಹ್ಯಾಂಗ್. ಇಂಥ ಫೋನುಗಳಲ್ಲಿ ಎಷ್ಟೋ ಬ್ರೌಸರ್ ಬದಲಿಸಿದರೆ ಇನ್ನೂ ಕೆಲವು ವರ್ಷ ಆರಾಮಾಗಿ ನಡೆಯುತ್ತವೆ. ‘ಹೊಸದು ತೊಗೊಳ್ಳಿ’ ಎನ್ನುವ ಮುಂಚೆ ನಾನು ನೋಡುವುದು ಇವನ್ನು.

1. ತುಂಬಿರುವುದು ಯಾವ ಮೆಮೊರಿ?

‘ಮೆಮೊರಿ ಫುಲ್’ ಎಂದು ಬರುವ ಎಷ್ಟೋ ಫೋನುಗಳಲ್ಲಿ ತುಂಬಿರುವುದು ಸ್ಟೋರೇಜ್. ವಾಟ್ಸ್‌ಆ್ಯಪ್ಪಿನಲ್ಲಿ ಬಂದ ಶುಭೋದಯದ ಚಿತ್ರಗಳು, ಮದುವೆ ವಿಡಿಯೊಗಳು. ಬ್ರೌಸರ್ ಹ್ಯಾಂಗ್ ಆಗುವುದಕ್ಕೆ ಕಾರಣ ಹೆಚ್ಚಾಗಿ ರ‍್ಯಾಮ್. ಸ್ಟೋರೇಜ್ ಎಂದರೆ ಮನೆಯ ಅಟ್ಟ, ರ‍್ಯಾಮ್ ಎಂದರೆ ಅಂಗಳ. ಅಟ್ಟದಲ್ಲಿ ಎಷ್ಟೇ ಜಾಗವಿದ್ದರೂ ಅಡಿಕೆ ಹರವುವುದಕ್ಕೆ ಅಂಗಳವೇ ಬೇಕು. ಪ್ಲೇ ಸ್ಟೋರಿನಲ್ಲಿ ಆ್ಯಪ್ ಕೆಳಗೆ ಕಾಣುವ ಎಂಬಿ ಲೆಕ್ಕ ಸ್ಟೋರೇಜಿನದು. ಅದನ್ನು ನೋಡಿ ‘ಇದು ಹಗುರ’ ಎಂದುಕೊಂಡು ಇಳಿಸಿಕೊಳ್ಳುವವರೇ ಜಾಸ್ತಿ.

ರ‍್ಯಾಮ್ ಎಲ್ಲಿ ಹೋಗುತ್ತಿದೆ ಎಂದು ನೋಡುವುದು ಕಷ್ಟವಲ್ಲ. ಸೆಟ್ಟಿಂಗ್ಸ್‌ನ ಅಬೌಟ್ ಫೋನ್‌ನಲ್ಲಿ ಬಿಲ್ಡ್ ನಂಬರ್ ಮೇಲೆ ಏಳು ಸಲ ಒತ್ತಿದರೆ ಡೆವಲಪರ್ ಆಪ್ಷನ್ಸ್ ತೆರೆದುಕೊಳ್ಳುತ್ತದೆ. ಅದರೊಳಗೆ ಮೆಮೊರಿ ಎಂದಿರುವಲ್ಲಿ ಕಳೆದ ಮೂರು ಗಂಟೆಯಲ್ಲಿ ಅಥವಾ ಒಂದು ದಿನದಲ್ಲಿ ಯಾವ ಆ್ಯಪ್ ಸರಾಸರಿ ಎಷ್ಟು ರ‍್ಯಾಮ್ ತಿಂದಿತು ಎಂಬುದು ಸಾಲಾಗಿ ಕಾಣುತ್ತದೆ. ಎರಡು ಜಿಬಿ ಫೋನಿನಲ್ಲಿ ದೊಡ್ಡ ಪಾಲು ಆಂಡ್ರಾಯ್ಡ್‌ಗೇ ಹೋಗಿರುತ್ತದೆ. ಉಳಿದ ಚೂರಿನಲ್ಲಿ ಕೀಬೋರ್ಡ್, ವಾಟ್ಸ್‌ಆ್ಯಪ್, ಬ್ರೌಸರ್ ಎಲ್ಲವೂ ಬದುಕಬೇಕು. ‘ರ‍್ಯಾಮ್ ಬೂಸ್ಟರ್’ ಎಂಬ ಆ್ಯಪ್ ಇದ್ದರೆ ನಾನು ಮೊದಲು ಅದನ್ನೇ ತೆಗೆಯುತ್ತೇನೆ. ಅದು ತಾನೂ ರ‍್ಯಾಮಿನಲ್ಲಿ ಕೂತು, ಹಿನ್ನೆಲೆಯಲ್ಲಿದ್ದ ಆ್ಯಪ್‌ಗಳನ್ನು ಕೊಲ್ಲುತ್ತದೆ. ಅವು ಮತ್ತೆ ಏಳುತ್ತವೆ, ಏಳುವಾಗ ಬ್ಯಾಟರಿಯನ್ನೂ ತಿನ್ನುತ್ತವೆ.

2. ತೂಕ ಇರುವುದು ಪುಟದಲ್ಲಿ

ವಯಾ ಎಂಬ ಪುಟ್ಟ ಬ್ರೌಸರ್ ಇದೆ. ಕೆಲವೇ ಎಂಬಿ. ಇಷ್ಟು ಚಿಕ್ಕದಾಗಿರಲು ಕಾರಣ ಅದರೊಳಗೆ ಎಂಜಿನ್ನೇ ಇಲ್ಲ. ಪುಟವನ್ನು ಬಿಡಿಸಿ ತೋರಿಸುವ ಕೆಲಸವನ್ನು ಫೋನಿನಲ್ಲೇ ಇರುವ ‘ಆಂಡ್ರಾಯ್ಡ್ ಸಿಸ್ಟಮ್ ವೆಬ್‌ವ್ಯೂ’ಗೆ ಒಪ್ಪಿಸುತ್ತದೆ. ಆ ವೆಬ್‌ವ್ಯೂ ಮತ್ತು ಕ್ರೋಮ್ ಎರಡರ ಒಳಗಿರುವುದೂ ಕ್ರೋಮಿಯಮ್ ಎಂಜಿನ್ನೇ. ಹಾಗಾಗಿ ಒಂದೇ ಭಾರದ ಪುಟವನ್ನು ಎರಡರಲ್ಲೂ ತೆರೆದರೆ ರ‍್ಯಾಮಿನಲ್ಲಿ ಆಗುವ ಉಳಿತಾಯ ನಾವು ಅಂದುಕೊಂಡಷ್ಟು ಇರುವುದಿಲ್ಲ.

ಒಂದು ಲೆಕ್ಕ ಹೇಳುತ್ತೇನೆ. ಪತ್ರಿಕೆಯ ಇ-ಪೇಪರ್ ಪುಟವೊಂದು 2000 ಚುಕ್ಕಿ ಅಗಲ, 3000 ಚುಕ್ಕಿ ಉದ್ದದ ಚಿತ್ರ ಎಂದುಕೊಳ್ಳಿ. ಇಳಿಸಿಕೊಳ್ಳುವಾಗ ಅದು ಒಂದು ಎಂಬಿಯಷ್ಟಿರಬಹುದು, ಏಕೆಂದರೆ ಜೆಪೆಗ್ ಅದನ್ನು ಹಿಂಡಿ ಇಟ್ಟಿರುತ್ತದೆ. ತೆರೆಯ ಮೇಲೆ ತೋರಿಸಬೇಕಾದರೆ ಬಿಚ್ಚಲೇಬೇಕು. ಬಿಚ್ಚಿದಾಗ ಒಂದೊಂದು ಚುಕ್ಕಿಗೆ ನಾಲ್ಕು ಬೈಟ್; 60 ಲಕ್ಷ ಚುಕ್ಕಿಗೆ 2.4 ಕೋಟಿ ಬೈಟ್, ಅಂದರೆ 24 ಎಂಬಿ. ನಾಲ್ಕು ಪುಟ ತಿರುವಿದರೆ ನೂರರ ಹತ್ತಿರ. ‘ಡೇಟಾ ಒಂದೆರಡು ಎಂಬಿ ಖರ್ಚಾಗಿದೆ ಅಷ್ಟೇ, ಆದರೂ ಹ್ಯಾಂಗ್ ಯಾಕೆ?’ ಎಂದು ಕೇಳುವವರಿಗೆ ನಾನು ಕಾಗದದ ಮೇಲೆ ಈ ಗುಣಾಕಾರ ಮಾಡಿ ತೋರಿಸುತ್ತೇನೆ.

ಸುದ್ದಿ ತಾಣಗಳಲ್ಲಿ ಸುದ್ದಿಗಿಂತ ಭಾರ ಜಾಹೀರಾತಿನದು. ತಾನಾಗಿ ಓಡುವ ವಿಡಿಯೊ, ಹಿಂಬಾಲಿಸುವ ಟ್ರ್ಯಾಕರ್‌ಗಳು, ಒಂದರ ಹಿಂದೆ ಒಂದು ಸ್ಕ್ರಿಪ್ಟ್. ಅದಕ್ಕೇ ಬ್ರೌಸರ್ ಆರಿಸುವಾಗ ನಾನು ಕೇಳುವ ಮೊದಲ ಪ್ರಶ್ನೆ: ಇದು ಪುಟದ ಎಷ್ಟು ಭಾಗವನ್ನು ಬಾಗಿಲಲ್ಲೇ ತಡೆಯುತ್ತದೆ? ಫೈರ್‌ಫಾಕ್ಸಿಗೆ ಜಾಹೀರಾತು ತಡೆಯುವ ಯುಬ್ಲಾಕ್ ಒರಿಜಿನ್ ಎಂಬ ಎಕ್ಸ್‌ಟೆನ್ಷನ್ ಸೇರಿಸಿಕೊಳ್ಳಬಹುದು. 2023ರ ಡಿಸೆಂಬರಿನಲ್ಲಿ ಮೊಜಿಲ್ಲಾ ಸಂಸ್ಥೆ ತನ್ನ ಮೊಬೈಲ್ ಫೈರ್‌ಫಾಕ್ಸಿಗೆ ನೂರಾರು ಎಕ್ಸ್‌ಟೆನ್ಷನ್‌ಗಳನ್ನು ತೆರೆದಿಟ್ಟಿತು. ಯುಬ್ಲಾಕ್ ಒರಿಜಿನ್ ಅದಕ್ಕೂ ಮೊದಲೇ ಸಿಗುತ್ತಿತ್ತು. ಬ್ರೇವ್‌ನಲ್ಲಿ ತಡೆ ಮೊದಲಿನಿಂದಲೇ ಇದೆ. ವಯಾ, ಒಪೆರಾ ಮಿನಿಗಳಲ್ಲೂ ಇದೆ, ಸೆಟ್ಟಿಂಗಿನಲ್ಲಿ ಆನ್ ಆಗಿದೆಯೇ ನೋಡಿಕೊಳ್ಳಬೇಕು. ನನ್ನ ಮೇಜಿನ ಮೇಲೆ ಎರಡು ಜಿಬಿ ಫೋನುಗಳಲ್ಲಿ ಕಂಡದ್ದು ಇದು: ಜಾಹೀರಾತು ತಡೆಯುವ ದೊಡ್ಡ ಬ್ರೌಸರ್, ತಡೆಯದ ಪುಟ್ಟ ಬ್ರೌಸರಿಗಿಂತ ಚುರುಕಾಗಿರುತ್ತದೆ. ಒಂದು ಜಿಬಿಯಲ್ಲಿ ಈ ಮಾತು ನಡೆಯುವುದಿಲ್ಲ. ಅಲ್ಲಿ ಫೈರ್‌ಫಾಕ್ಸ್ ತೆರೆದುಕೊಳ್ಳುವುದಕ್ಕೇ ಏದುಸಿರು ಬಿಡುತ್ತದೆ.

ಇಲ್ಲೊಂದು ಮಾತು ಹೇಳಬೇಕು. ಕನ್ನಡದ ಚಿಕ್ಕ ಪತ್ರಿಕೆಗಳು, ಸಾಹಿತ್ಯದ ತಾಣಗಳು ಜಾಹೀರಾತಿನಿಂದಲೇ ಉಸಿರಾಡುತ್ತವೆ. ನೀವು ದಿನಾ ಓದುವ, ಪುಟವನ್ನು ಹದವಾಗಿ ಇಟ್ಟುಕೊಂಡಿರುವ ತಾಣವಿದ್ದರೆ ಅದೊಂದಕ್ಕೆ ತಡೆಯನ್ನು ತೆಗೆದಿಡಿ. ನಾನು ಹಾಗೇ ಮಾಡುತ್ತೇನೆ.

3. ಒಪೆರಾ ಮಿನಿಯ ಬಲ ಎಲ್ಲಿ, ಅಪಾಯ ಎಲ್ಲಿ

ಕಡಿಮೆ ಮೆಮೊರಿಯ ಬ್ರೌಸರ್ ಎಂದರೆ ನಮ್ಮಲ್ಲಿ ಮೊದಲು ನೆನಪಾಗುವುದು ಒಪೆರಾ ಮಿನಿಯೇ, ಅದಕ್ಕೆ ಕಾರಣವೂ ಇದೆ. 2005ರಲ್ಲಿ ನಾರ್ವೆಯಲ್ಲಿ ಪ್ರಯೋಗವಾಗಿ ಶುರುವಾಗಿ 2006ರ ಜನವರಿಯಲ್ಲಿ ಜಗತ್ತಿಗೆಲ್ಲ ಬಿಡುಗಡೆಯಾಯಿತು. ಆಗಿನ ಜಾವಾ ಫೋನುಗಳಿಗೆ ಪೂರ್ತಿ ವೆಬ್ ಪುಟವನ್ನು ಹೊರುವ ತಾಕತ್ತಿರಲಿಲ್ಲ. ಒಪೆರಾದವರು ಆ ಕೆಲಸವನ್ನು ಫೋನಿನಿಂದಲೇ ಎತ್ತಿಬಿಟ್ಟರು. ಪುಟ ಮೊದಲು ಅವರ ಸರ್ವರಿಗೆ ಹೋಗುತ್ತದೆ, ಅಲ್ಲೇ ಬಿಡಿಸಿ ಜೋಡಿಸಿ, ಚಿತ್ರಗಳನ್ನು ಕುಗ್ಗಿಸಿ, ತಮ್ಮದೇ ಒಂದು ಹಗುರ ರೂಪಕ್ಕೆ ಇಳಿಸಿ ಫೋನಿಗೆ ಕಳಿಸುತ್ತಾರೆ. ಫೋನು ತೋರಿಸಿದರಾಯಿತು.

ಕನ್ನಡಕ್ಕೆ ಇದರಿಂದ ಆದ ಉಪಕಾರ ದೊಡ್ಡದು. ಆ ಫೋನುಗಳಲ್ಲಿ ಕನ್ನಡ ಫಾಂಟ್ ಇರಲಿಲ್ಲ, ಕನ್ನಡ ತಾಣ ತೆರೆದರೆ ಬರೀ ಚೌಕಗಳು. ಒಪೆರಾ ಮಿನಿಯ ವಿಳಾಸದ ಪಟ್ಟಿಯಲ್ಲಿ ‘ಒಪೆರಾ’, ಒಂದು ಕೋಲನ್, ‘ಕಾನ್ಫಿಗ್’ ಎಂದು ಇಂಗ್ಲಿಷಿನಲ್ಲಿ ಹೊಡೆದರೆ ಒಂದು ಗುಪ್ತ ಪುಟ ಬರುತ್ತಿತ್ತು. ಅದರ ಕೊನೆಯ ಕಡೆ, ಜಟಿಲ ಲಿಪಿಗಳಿಗೆ ಬಿಟ್‌ಮ್ಯಾಪ್ ಫಾಂಟ್ ಬಳಸಬೇಕೇ ಎಂಬ ಪ್ರಶ್ನೆ. ‘ಯೆಸ್’ ಎಂದು ಸೇವ್ ಮಾಡಿದರೆ ಸರ್ವರೇ ಕನ್ನಡ ಅಕ್ಷರಗಳನ್ನು ಪುಟ್ಟ ಚಿತ್ರಗಳನ್ನಾಗಿ ಮಾಡಿ ಕಳಿಸುತ್ತಿತ್ತು. ಒತ್ತಕ್ಷರ, ದೀರ್ಘ, ಅರ್ಕಾವತ್ತು ಎಲ್ಲವೂ ಅದರದರ ಜಾಗದಲ್ಲಿ. ಎರಡಿಂಚಿನ ತೆರೆಯಲ್ಲಿ ಮೊದಲ ಸಲ ಕನ್ನಡ ಸುದ್ದಿ ಓದಿದವರು ಇದನ್ನು ಮರೆತಿರಲಾರರು. ಆಂಡ್ರಾಯ್ಡ್‌ಗೆ ಕನ್ನಡ ಸಿಕ್ಕಿದ್ದು 2012ರಲ್ಲಿ, 4.1ನೇ ಆವೃತ್ತಿಯಲ್ಲಿ.

ಇವತ್ತಿನ ಆಂಡ್ರಾಯ್ಡ್ ಒಪೆರಾ ಮಿನಿಯಲ್ಲಿ ಡೇಟಾ ಉಳಿತಾಯಕ್ಕೆ ಎರಡು ಮಟ್ಟಗಳಿವೆ. ‘ಹೈ’ ಎಂದಿಟ್ಟರೆ ಪುಟವನ್ನು ಫೋನಿನ ವೆಬ್‌ವ್ಯೂವೇ ಬಿಡಿಸುತ್ತದೆ. ‘ಎಕ್ಸ್‌ಟ್ರೀಮ್’ ಎಂದಿಟ್ಟರೆ ಹಳೆಯ ಕ್ರಮ, ಸರ್ವರಿನದೇ ಕೆಲಸ. ರ‍್ಯಾಮ್ ನಿಜವಾಗಿ ಉಳಿಯುವುದು ಎಕ್ಸ್‌ಟ್ರೀಮ್‌ನಲ್ಲಿ. ಶರಾವತಿ ಹಿನ್ನೀರಿನಾಚೆ ತುಮರಿ ಕಡೆಯವರಿಗೆ, ಸಿಗ್ನಲ್ ಒಂದು ಕಡ್ಡಿ ಬಂದು ಹೋಗುವ ಜಾಗದವರಿಗೆ, ಧಾರಣೆ ಮತ್ತು ಸುದ್ದಿ ನೋಡಲು ನಾನು ಕಣ್ಣುಮುಚ್ಚಿ ಹೇಳುವುದು ಇದನ್ನೇ.

ಅಪಾಯ ಇರುವುದೂ ಅದೇ ಎಕ್ಸ್‌ಟ್ರೀಮ್‌ನಲ್ಲಿ. ಪುಟವನ್ನು ಬಿಡಿಸಬೇಕಾದರೆ ಸರ್ವರ್ ಅದರ ಬೀಗವನ್ನೂ ಬಿಚ್ಚಲೇಬೇಕು. ಅಂದರೆ ನಿಮ್ಮ ಫೋನಿನಿಂದ ಬ್ಯಾಂಕಿನವರೆಗೆ ಒಂದೇ ಬೀಗ ಇರುವುದಿಲ್ಲ. ನಡುವೆ ಒಂದು ಕಡೆ ಅದು ತೆರೆದುಕೊಳ್ಳುತ್ತದೆ. ಬ್ಯಾಂಕಿನ ಪಾಸ್‌ವರ್ಡ್, ಆಧಾರ್ ಸಂಖ್ಯೆ ಹೊಡೆಯುವ ಕೆಲಸ ಈ ಮಟ್ಟದಲ್ಲಿ ಬೇಡವೇ ಬೇಡ. ಜೊತೆಗೆ, ಪುಟದೊಳಗೆ ಓಡುವ ಜಾವಾಸ್ಕ್ರಿಪ್ಟ್ ಕೂಡ ಸರ್ವರಿನಲ್ಲೇ ಸ್ವಲ್ಪ ಹೊತ್ತು ಓಡಿ ನಿಲ್ಲುವುದರಿಂದ, ಜಿಲ್ಲೆ ಆರಿಸಿದರೆ ತಾಲ್ಲೂಕು ಬರಬೇಕಾದ ಪಟ್ಟಿಗಳು ಕೆಲವೊಮ್ಮೆ ಬರುವುದೇ ಇಲ್ಲ. ಬಳಸುವವರು ತಾಣವೇ ಕೆಟ್ಟಿದೆ ಎಂದುಕೊಳ್ಳುತ್ತಾರೆ.

ಕ್ರೋಮ್‌ನಲ್ಲೂ ಡೇಟಾ ಸೇವರ್ ಇತ್ತಲ್ಲ, ಎಲ್ಲಿ ಹೋಯಿತು ಎಂದು ಈಗಲೂ ಕೇಳುತ್ತಾರೆ. ಕೊನೆಗೆ ಲೈಟ್ ಮೋಡ್ ಎಂಬ ಹೆಸರಿನಲ್ಲಿದ್ದ ಅದನ್ನು 2022ರ ಮಾರ್ಚ್‌ನಲ್ಲಿ, ನೂರನೇ ಆವೃತ್ತಿಯೊಂದಿಗೆ ನಿಲ್ಲಿಸಿದರು. ಹುಡುಕುವುದು ಬೇಡ.

4. ಅರ್ಧ ತುಂಬಿದ ಅರ್ಜಿಯೇ ನಿಜವಾದ ಪರೀಕ್ಷೆ

ವೇಗ ಅಳೆಯುವ ಆ್ಯಪ್‌ಗಳ ಅಂಕಿಗಳನ್ನು ನಾನು ನೋಡುವುದಿಲ್ಲ. ಕಡಿಮೆ ರ‍್ಯಾಮಿನ ಫೋನು ಬಳಸುವವರ ಗೋಳು ಬೇರೆ. ಅರ್ಜಿಯಲ್ಲಿ ಹೆಸರು, ತಂದೆಯ ಹೆಸರು, ಜಾತಿ ಪ್ರಮಾಣಪತ್ರದ ಸಂಖ್ಯೆ, ಬ್ಯಾಂಕ್ ಖಾತೆ ಎಲ್ಲ ತುಂಬಿ, ಒಟಿಪಿ ನೋಡಲು ಮೆಸೇಜಿಗೆ ಹೋಗಿ ಬರುವಷ್ಟರಲ್ಲಿ ಪುಟ ರೀಲೋಡ್ ಆಗಿ ಎಲ್ಲ ಖಾಲಿ. ತಾಯಿಯೊಬ್ಬರು ಮಗಳ ಅರ್ಜಿಗಾಗಿ ರಾತ್ರಿಯೆಲ್ಲ ಇದನ್ನೇ ಮಾಡಿ, ಬೆಳಿಗ್ಗೆ ಅಂಗಡಿ ತೆರೆಯುವ ಹೊತ್ತಿಗೆ ಬಂದು ನಿಂತಿದ್ದರು. ಅದು ಕೊನೆಯ ದಿನ. ಅವರ ಫೋನಿನಲ್ಲಿ ಏನೂ ಕೆಟ್ಟಿರಲಿಲ್ಲ.

ಆಗುವುದು ಇಷ್ಟು. ರ‍್ಯಾಮ್ ಸಾಲದೆ ಬಂದಾಗ ಆಂಡ್ರಾಯ್ಡ್ ಹಿನ್ನೆಲೆಯಲ್ಲಿರುವ ಆ್ಯಪ್‌ಗಳನ್ನು ಮುಗಿಸುತ್ತಾ ಹೋಗುತ್ತದೆ. ನೀವು ಮೆಸೇಜ್ ತೆರೆದ ಕ್ಷಣ ಬ್ರೌಸರ್ ಹಿನ್ನೆಲೆಗೆ ಸರಿದಿರುತ್ತದೆ, ಅತಿ ಹೆಚ್ಚು ರ‍್ಯಾಮ್ ಹಿಡಿದಿರುವುದೂ ಅದೇ ಆಗಿರುತ್ತದೆ. ಹಿಂದಿರುಗಿದಾಗ ಬ್ರೌಸರ್ ವಿಳಾಸವನ್ನು ನೆನಪಿಟ್ಟುಕೊಂಡು ಪುಟವನ್ನು ಹೊಸದಾಗಿ ತರುತ್ತದೆ. ನೀವು ಹೊಡೆದ ಅಕ್ಷರಗಳು ಅದಕ್ಕೆ ಗೊತ್ತಿಲ್ಲ.

ಇದನ್ನೇ ಪರೀಕ್ಷೆ ಮಾಡಿಕೊಂಡಿದ್ದೇನೆ. ಯಾವುದಾದರೂ ಉದ್ದನೆಯ ಅರ್ಜಿಯ ಪುಟ ತೆರೆದು ನಾಲ್ಕೈದು ಖಾನೆ ತುಂಬುತ್ತೇನೆ. ಮೆಸೇಜಿಗೆ ಹೋಗಿ ಬರುತ್ತೇನೆ. ವಾಟ್ಸ್‌ಆ್ಯಪ್ ತೆರೆದು ಒಂದು ಚಿತ್ರ ನೋಡಿ ಬರುತ್ತೇನೆ. ಕೊನೆಗೆ ಕ್ಯಾಮೆರಾ. ತುಂಬಿದ್ದು ಮೂರಕ್ಕೂ ಉಳಿದುಕೊಂಡರೆ ಆ ಫೋನಿಗೆ ಆ ಬ್ರೌಸರ್ ಸರಿ. ಮುಖಪುಟದಲ್ಲಿ ಸುದ್ದಿ, ಕ್ರಿಕೆಟ್ ಸ್ಕೋರು, ವಿಡಿಯೊ ತುಂಬಿಕೊಂಡಿರುವ ಬ್ರೌಸರ್‌ಗಳು ಮೊದಲ ಹೆಜ್ಜೆಯಲ್ಲೇ ಬೀಳುವುದನ್ನು ಕಂಡಿದ್ದೇನೆ.

ಬ್ರೌಸರ್ ಯಾವುದೇ ಇರಲಿ, ಎರಡು ಅಭ್ಯಾಸ ಕಲಿಸಿಕೊಡುತ್ತೇನೆ. ಒಟಿಪಿ ಬಂದಾಗ ಮೆಸೇಜ್ ಆ್ಯಪ್ ತೆರೆಯಬೇಡಿ. ತೆರೆಯ ಮೇಲಿನಿಂದ ಬೆರಳು ಕೆಳಗೆಳೆದರೆ ನೋಟಿಫಿಕೇಷನ್‌ನಲ್ಲೇ ಅಂಕಿ ಕಾಣುತ್ತದೆ, ಓದಿಕೊಂಡು ಮೇಲಕ್ಕೆ ತಳ್ಳಿ. ಬ್ರೌಸರ್ ಮುಂದೆಯೇ ಇರುತ್ತದೆ. ಇನ್ನೊಂದು, ಫೋಟೊ ಅಪ್‌ಲೋಡ್ ಮಾಡುವಾಗ ‘ಕ್ಯಾಮೆರಾ’ ಎಂಬುದನ್ನು ಒತ್ತಬೇಡಿ. ಫೋನಿನಲ್ಲಿ ಕ್ಯಾಮೆರಾದಷ್ಟು ರ‍್ಯಾಮ್ ಬೇಡುವ ಆ್ಯಪ್‌ಗಳು ಕಡಿಮೆ. ಅದು ತೆರೆದರೆ ಬ್ರೌಸರ್ ಸತ್ತಿತೆಂದೇ ಲೆಕ್ಕ. ಅರ್ಜಿ ಶುರು ಮಾಡುವ ಮುಂಚೆಯೇ ಫೋಟೊ, ಸಹಿ, ಅಂಕಪಟ್ಟಿ ಎಲ್ಲ ತೆಗೆದಿಟ್ಟು, ಕ್ಯಾಮೆರಾ ಮುಚ್ಚಿ, ಆಮೇಲೆ ‘ಫೈಲ್ಸ್’ನಿಂದ ಆರಿಸಿ.

5. ಓದಲಿಕ್ಕೆ ಒಂದು, ದುಡ್ಡಿಗೆ ಒಂದು

ಫೋನಿನಲ್ಲಿ ಎರಡು ಬ್ರೌಸರ್ ಸಾಕು, ಮೂರನೆಯದು ಬೇಡ. ವಾಟ್ಸ್‌ಆ್ಯಪ್ಪಿನಲ್ಲಿ ಬರುವ ಕೊಂಡಿಗಳು ತೆರೆದುಕೊಳ್ಳುವುದು ಡೀಫಾಲ್ಟ್ ಬ್ರೌಸರಿನಲ್ಲಿ. ಅಲ್ಲಿ ಬರುವುದರಲ್ಲಿ ಎಷ್ಟೋ ಮೋಸದ ಕೊಂಡಿಗಳು. ಆದ್ದರಿಂದ ಓದುವ ಬ್ರೌಸರನ್ನೇ ಡೀಫಾಲ್ಟ್ ಮಾಡಿ, ಅದರಲ್ಲಿ ಯಾವ ಪಾಸ್‌ವರ್ಡೂ ಉಳಿಸಬೇಡಿ. ಅರ್ಜಿ, ಬ್ಯಾಂಕು, ಶುಲ್ಕ ಕಟ್ಟುವುದಕ್ಕೆ ಅಪ್‌ಡೇಟ್ ಆಗುತ್ತಿರುವ ಕ್ರೋಮ್ ಅಥವಾ ಫೈರ್‌ಫಾಕ್ಸ್. ಅದನ್ನು ಬಳಸುವಾಗ ಉಳಿದ ಟ್ಯಾಬ್ ಎಲ್ಲ ಮುಚ್ಚಿರಲಿ.

ಒಂದು ಜಿಬಿ ಫೋನಿನವರಿಗೆ ಇನ್ನೊಂದು ಎಚ್ಚರಿಕೆ. ಒಂದು ತಾಣದ ಪುಟ ಇನ್ನೊಂದರ ಮೆಮೊರಿಗೆ ಇಣುಕದಂತೆ ಬೇರೆ ಬೇರೆ ಪ್ರಕ್ರಿಯೆಗಳಲ್ಲಿ ಇಡುವ ರಕ್ಷಣೆಯನ್ನು 2019ರಲ್ಲಿ, 77ನೇ ಆವೃತ್ತಿಯಲ್ಲಿ, ಕ್ರೋಮ್ ಆಂಡ್ರಾಯ್ಡ್‌ಗೆ ತಂದಿತು. ಲಾಗಿನ್ ಆಗುವ ತಾಣಗಳಿಗೆ ಮಾತ್ರ, ಅದೂ ಕನಿಷ್ಠ ಎರಡು ಜಿಬಿ ರ‍್ಯಾಮ್ ಇರುವ ಫೋನುಗಳಿಗೆ ಎಂದು ಆಗ ನಿಗದಿ ಮಾಡಿದರು, ಏಕೆಂದರೆ ಪ್ರಕ್ರಿಯೆ ಹೆಚ್ಚಾದಷ್ಟೂ ರ‍್ಯಾಮ್ ಬೇಕು. ಕಡಿಮೆ ಮೆಮೊರಿ ಎಂದರೆ ನಿಧಾನ ಮಾತ್ರವಲ್ಲ, ರಕ್ಷಣೆಯೂ ಕಡಿಮೆ. ಅಂಥ ಫೋನಿನಲ್ಲಿ ಬ್ಯಾಂಕ್ ಕೆಲಸಕ್ಕೆ ಬ್ರೌಸರ್ ಬಿಟ್ಟು ಬ್ಯಾಂಕಿನ ಸ್ವಂತ ಆ್ಯಪ್ ಬಳಸಿ ಎನ್ನುತ್ತೇನೆ.

6. ಎಂಜಿನ್ ಹಳತಾದರೆ ಹೊಸ ಬ್ರೌಸರ್ ಹಾಕಿ ಉಪಯೋಗವಿಲ್ಲ

ವೆಬ್‌ವ್ಯೂ ನಂಬಿರುವ ಪುಟ್ಟ ಬ್ರೌಸರ್‌ಗಳಿಗೆ ವೆಬ್‌ವ್ಯೂ ಎಷ್ಟು ಹೊಸದೋ ಅಷ್ಟೇ ಸುರಕ್ಷತೆ. ಪ್ಲೇ ಸ್ಟೋರಿನಲ್ಲಿ ಅದರ ಹೆಸರು ಹುಡುಕಿ ಅಪ್‌ಡೇಟ್ ಮಾಡಿ. ಬ್ರೌಸರ್ ಮಾತ್ರವಲ್ಲ, ಬೇರೆ ಎಷ್ಟೋ ಆ್ಯಪ್‌ಗಳು ಅದರ ಮೇಲೆ ನಿಂತಿವೆ: 2021ರ ಮಾರ್ಚ್‌ನಲ್ಲಿ ವೆಬ್‌ವ್ಯೂ ಅಪ್‌ಡೇಟ್ ಒಂದರಲ್ಲಿ ದೋಷ ನುಸುಳಿದಾಗ ಜಗತ್ತಿನಾದ್ಯಂತ ಆ್ಯಪ್‌ಗಳು ತೆರೆದ ಕೂಡಲೇ ಮುಚ್ಚಿಹೋಗುತ್ತಿದ್ದವು. ಆಂಡ್ರಾಯ್ಡ್ 7ರಿಂದ 9ರವರೆಗಿನ ಫೋನುಗಳಲ್ಲಿ ವೆಬ್‌ವ್ಯೂ ಕೆಲಸವನ್ನು ಸಾಮಾನ್ಯವಾಗಿ ಕ್ರೋಮೇ ಮಾಡುತ್ತದೆ. ರ‍್ಯಾಮ್ ಉಳಿಸಲು ಅದನ್ನು ಡಿಸೇಬಲ್ ಮಾಡಿದರೆ ಫೋನು ಕಾರ್ಖಾನೆಯಿಂದ ಬಂದ ಹಳೇ ವೆಬ್‌ವ್ಯೂಗೆ ಹಿಂದಿರುಗಬಹುದು. ಹಾಗೆ ಮಾಡಿದರೆ ಕೂಡಲೇ ಆ ವೆಬ್‌ವ್ಯೂವನ್ನೂ ಅಪ್‌ಡೇಟ್ ಮಾಡಿ.

ಆಂಡ್ರಾಯ್ಡ್ 7ಕ್ಕೆ ಕ್ರೋಮ್ 119ಕ್ಕೆ ನಿಂತಿತು. 8 ಮತ್ತು 9ಕ್ಕೆ 2025ರಲ್ಲಿ ಬಂದ 138ಕ್ಕೆ ನಿಂತಿತು. ಅಂಥ ಫೋನುಗಳಲ್ಲಿ ಓದುವ ಕೆಲಸ ಇಟ್ಟುಕೊಳ್ಳಿ, ದುಡ್ಡಿನ ಕೆಲಸ ಬಿಡಿ.

ಇನ್ನೂ ಹಳೆಯ, ಆಂಡ್ರಾಯ್ಡ್ 5 ಅಥವಾ 6ರ ಫೋನುಗಳಲ್ಲಿ ಒಳ್ಳೆಯ ತಾಣಗಳೂ ‘ನಿಮ್ಮ ಸಂಪರ್ಕ ಖಾಸಗಿಯಲ್ಲ’ ಎಂದು ಕೆಂಪು ತೋರಿಸುತ್ತವೆ. ಮೊದಲು ಫೋನಿನ ತಾರೀಖು ನೋಡಿ. ಬ್ಯಾಟರಿ ಪೂರ್ತಿ ಇಳಿದು ತಾರೀಖು ಹಿಂದಕ್ಕೆ ಹೋಗಿದ್ದರೂ ಇದೇ ಸಂದೇಶ ಬರುತ್ತದೆ. ತಾರೀಖು ಸರಿಯಿದ್ದರೆ ಕಾರಣ ಪ್ರಮಾಣಪತ್ರ. ಲಕ್ಷಾಂತರ ತಾಣಗಳಿಗೆ ಉಚಿತ ಪ್ರಮಾಣಪತ್ರ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯ ಮೂಲ ಪ್ರಮಾಣಪತ್ರ ಆಂಡ್ರಾಯ್ಡ್ 7.1.1ಕ್ಕಿಂತ ಹಳೆಯ ಫೋನುಗಳಲ್ಲಿ ಇಲ್ಲ. ಅವಕ್ಕೆಂದು ಮಾಡಿದ್ದ ಏರ್ಪಾಡಿನ ಅವಧಿ 2024ರ ಸೆಪ್ಟೆಂಬರಿಗೆ ಮುಗಿಯಿತು. ಫೈರ್‌ಫಾಕ್ಸ್ ಮಾತ್ರ ಫೋನಿನ ಪಟ್ಟಿಯನ್ನು ನೆಚ್ಚಿಕೊಳ್ಳದೆ ತನ್ನದೇ ಪಟ್ಟಿ ಇಟ್ಟುಕೊಂಡಿರುವುದರಿಂದ, ಆ ಫೋನಿಗೆ ಸಿಗುವ ಆವೃತ್ತಿಯಲ್ಲೂ ಈ ತಾಣಗಳು ತೆರೆಯುತ್ತವೆ. ನಿಧಾನವಾದರೂ ಸರಿ, ಅಂಥ ಫೋನಿಗೆ ಅದೇ ಗತಿ.

ಹೆಸರು ಕೇಳಿದ್ದೇವೆ ಎಂದು ಹಳೆಯ ಎಪಿಕೆ ಫೈಲು ಹಾಕಿಕೊಳ್ಳುವುದು ಬೇಡ. ಯುಸಿ ಬ್ರೌಸರನ್ನು 2020ರ ಜೂನ್ 29ರಂದು ಕೇಂದ್ರ ಸರ್ಕಾರ ಇತರ ಆ್ಯಪ್‌ಗಳೊಂದಿಗೆ ನಿಷೇಧಿಸಿತು. ಅದಕ್ಕೂ ಮೊದಲು, 2015ರಲ್ಲೇ ಟೊರೊಂಟೊ ವಿಶ್ವವಿದ್ಯಾಲಯದ ಸಿಟಿಜನ್ ಲ್ಯಾಬ್ ಅದು ಬಳಕೆದಾರರ ಮಾಹಿತಿಯನ್ನು ಸೋರಲು ಬಿಡುವ ಬಗೆಯನ್ನು ದಾಖಲಿಸಿತ್ತು. ಎಕ್ಸ್‌ಟೆನ್ಷನ್‌ಗಳಿಗಾಗಿ ಹುಡುಗರು ಇಷ್ಟಪಡುತ್ತಿದ್ದ ಕಿವಿ ಬ್ರೌಸರಿನ ಕೆಲಸ 2025ರ ಜನವರಿಯಲ್ಲಿ ನಿಂತಿತು. ಪ್ಲೇ ಸ್ಟೋರಿನಲ್ಲಿ ‘ಅಪ್‌ಡೇಟೆಡ್ ಆನ್’ ಎಂಬ ತಾರೀಖು ವರ್ಷದ ಹಿಂದಿನದಾದರೆ ಆ ಬ್ರೌಸರ್ ಮುಟ್ಟಬೇಡಿ.

7. ಹಾಕಿದ ಮೇಲೆ ಹತ್ತು ನಿಮಿಷ ಸೆಟ್ಟಿಂಗಿಗೆ

ಮುಖಪುಟದ ಸುದ್ದಿ ಹರಿವು ಆಫ್. ನೋಟಿಫಿಕೇಷನ್‌ಗೆ ಅನುಮತಿ ಪಡೆದಿರುವ ತಾಣಗಳ ಪಟ್ಟಿ ತೆರೆದು ಎಲ್ಲ ಅಳಿಸಿ; ಹಿರಿಯರ ಫೋನುಗಳಲ್ಲಿ ‘ಅಲೋ’ ಒತ್ತಿ ಒತ್ತಿ ಬೆಳೆದ ಆ ಪಟ್ಟಿ ಬ್ರೌಸರನ್ನು ದಿನವಿಡೀ ಎಬ್ಬಿಸುತ್ತಿರುತ್ತದೆ. ಫೇಸ್‌ಬುಕ್ ತನ್ನೊಳಗೇ ಒಂದು ಬ್ರೌಸರ್ ಇಟ್ಟುಕೊಂಡಿದೆ. ಕೊಂಡಿಗಳು ಹೊರಗೆ ತೆರೆಯುವಂತೆ ಅದರ ಸೆಟ್ಟಿಂಗಿನಲ್ಲಿ ಬದಲಿಸಿ. ಬರೀ ಓದುವ ತಾಣವೊಂದು ತುಂಬಾ ಸತಾಯಿಸಿದರೆ ಕ್ರೋಮಿನ ಸೈಟ್ ಸೆಟ್ಟಿಂಗ್ಸ್‌ನಲ್ಲಿ ಅದೊಂದಕ್ಕೆ ಜಾವಾಸ್ಕ್ರಿಪ್ಟ್ ನಿಲ್ಲಿಸಿ ನೋಡಿ. ಲೇಖನ ಉಳಿದು ಉಳಿದದ್ದೆಲ್ಲ ಮಾಯವಾಗುವುದುಂಟು.

8. ಕನ್ನಡ ಓದಲು ಬರುತ್ತದೆಯೇ?

ಅಕ್ಷರ ದೊಡ್ಡದು ಮಾಡಿದಾಗ ಸಾಲು ತೆರೆಯೊಳಗೆ ಮಡಚಿಕೊಳ್ಳಬೇಕು, ಪಕ್ಕಕ್ಕೆ ಎಳೆಯುವಂತಾಗಬಾರದು. ಕಣ್ಣು ಮಂಜಾದವರಿಗೆ ಫೈರ್‌ಫಾಕ್ಸಿನ ಓದುವ ನೋಟ ಒಳ್ಳೆಯದು. ಜಾಹೀರಾತು ಕಳಚಿ ಬರಹ ಮಾತ್ರ ದೊಡ್ಡದಾಗಿ ನಿಲ್ಲುತ್ತದೆ, ರ‍್ಯಾಮಿಗೂ ಹಗುರ. ಕೆಲವು ಹಳೆಯ ತಾಣಗಳು ಯಾವ ಬ್ರೌಸರಿನಲ್ಲಿ ತೆರೆದರೂ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳನ್ನು ತೋರಿಸುತ್ತವೆ. ಅವು ಯೂನಿಕೋಡ್ ಬರುವ ಮುಂಚಿನ ಫಾಂಟಿನಲ್ಲಿ ಬೆರಳಚ್ಚಾದವು. ಬ್ರೌಸರ್ ಬದಲಿಸುತ್ತಾ ಹೋಗಬೇಡಿ.

ಆಂಡ್ರಾಯ್ಡ್ ಅಲ್ಲದ ಜಿಯೋಫೋನಿನವರೂ ನನ್ನಲ್ಲಿಗೆ ಬಂದು ಬೇರೆ ಬ್ರೌಸರ್ ಹಾಕಿಕೊಡಿ ಎನ್ನುತ್ತಾರೆ. 2017ರಲ್ಲಿ ಬಂದ ಆ ಫೋನಿನಲ್ಲಿ ಇರುವುದು 512 ಎಂಬಿ ರ‍್ಯಾಮ್, ಫೈರ್‌ಫಾಕ್ಸ್ ಓಎಸ್‌ನ ಬಳ್ಳಿಯಲ್ಲೇ ಹುಟ್ಟಿದ ಕೈಓಎಸ್. ಅದರ ಬ್ರೌಸರ್ ಅದರದೇ, ಆಯ್ಕೆ ಇಲ್ಲ. ಹಿಸ್ಟರಿ, ಕುಕೀ ಅಳಿಸಿ ಕೊಡುತ್ತೇನೆ, ಅದಕ್ಕೆ ದುಡ್ಡು ತೆಗೆದುಕೊಳ್ಳುವುದಿಲ್ಲ.

9. ಐಕಾನ್ ಇಟ್ಟುಕೊಟ್ಟು ಕಳಿಸಿ

ಹಿರಿಯರು ಬ್ರೌಸರನ್ನು ಬಳಸುವುದಿಲ್ಲ, ಪುಟವನ್ನು ಬಳಸುತ್ತಾರೆ. ಅವರಿಗೆ ಬೇಕಾದ್ದು ಅಡಿಕೆ ರೇಟು, ಪಹಣಿ, ಬಸ್ ವೇಳೆ. ಆ ಪುಟಗಳನ್ನು ತೆರೆದು ಮೆನುವಿನಲ್ಲಿ ‘ಆ್ಯಡ್ ಟು ಹೋಮ್ ಸ್ಕ್ರೀನ್’ ಒತ್ತಿ, ಐಕಾನಿಗೆ ಕನ್ನಡದಲ್ಲೇ ಹೆಸರು ಕೊಟ್ಟು ಮುಂಭಾಗದಲ್ಲಿ ಇಡುತ್ತೇನೆ. ಹುಡುಕಾಟದ ಪುಟ, ಅದರ ಮೇಲಿನ ಜಾಹೀರಾತು, ಹೋಲುವ ಹೆಸರಿನ ಮೋಸದ ತಾಣ ಎಲ್ಲವೂ ತಪ್ಪುತ್ತವೆ, ತೆರೆಯಬೇಕಾದ ಪುಟಗಳೂ ಕಡಿಮೆಯಾಗುತ್ತವೆ. ಐಕಾನ್ ಯಾವ ಬ್ರೌಸರಿನಿಂದ ಮಾಡಿದ್ದೋ ಅದಕ್ಕೇ ಕಟ್ಟಿಬಿದ್ದಿರುತ್ತದೆ. ಆ ಬ್ರೌಸರ್ ತೆಗೆದರೆ ಐಕಾನೂ ಹೋಗುತ್ತದೆ. ಅದಕ್ಕೇ ಹಳೆಯ ಬ್ರೌಸರನ್ನು ಅಳಿಸುವ ಮುಂಚೆ ಅದರಲ್ಲಿದ್ದ ಬುಕ್‌ಮಾರ್ಕು, ಉಳಿಸಿಟ್ಟ ಪಾಸ್‌ವರ್ಡುಗಳನ್ನು ಅವರೆದುರೇ ಒಂದು ಚೀಟಿಯಲ್ಲಿ ಬರೆಸಿ, ಹೊಸದರಲ್ಲಿ ಐಕಾನ್‌ಗಳನ್ನೆಲ್ಲ ಮಾಡಿ, ಒಂದೊಂದನ್ನೂ ಅವರ ಕೈಯಲ್ಲೇ ಒತ್ತಿಸಿ ನೋಡಿದ ಮೇಲೆ ಹಳೆಯದನ್ನು ತೆಗೆಯುತ್ತೇನೆ. ಪಾಸ್‌ವರ್ಡಿನ ಚೀಟಿ ಅವರ ಜೇಬಿನಲ್ಲೇ ಮನೆಗೆ ಹೋಗಬೇಕು, ಫೋನಿನ ಕವರಿನೊಳಗೆ ಬೇಡ.